ತೆರೆದ ಬೆನ್ನಿನ ಧ್ವನಿವರ್ಧಕ: ಒಂದು ಚಾರಿತ್ರಿಕ ವಿವೇಚನೆ

ಧ್ವನಿವರ್ಧಕದ ಶಂಕುವು ಮುಂದಕ್ಕೆ ಸರಿದು ಎದುರಿನ ವಾಯುವನ್ನು ಒತ್ತುವ ಕ್ಷಣದಲ್ಲಿಯೇ ತನ್ನ ಹಿಂದಿನ ವಾಯುವನ್ನು ವಿರಳಗೊಳಿಸುತ್ತದೆ. ಹೀಗೆ ಒಂದೇ ಕಂಪನದಿಂದ ಹುಟ್ಟಿ ಪರಸ್ಪರ ವಿರುದ್ಧವಾದ ಎರಡು ಅಲೆಗಳಲ್ಲಿ ಹಿಂದಣದು ಅಂಚನ್ನು ಬಳಸಿ ಬಂದು ಮುಂದಣದನ್ನು ಅಳಿಸುವುದರಿಂದ, ಮಂದ್ರಸ್ವರಗಳು ಕೇಳುಗನನ್ನು ಮುಟ್ಟುವ ಮೊದಲೇ ಕ್ಷೀಣಿಸುತ್ತವೆ. ಈ ಹಿಂದಣ ಅಲೆಯನ್ನು ಏನು ಮಾಡಬೇಕೆಂಬ ಪ್ರಶ್ನೆಗೆ ದೊರೆತ ಉತ್ತರಗಳಲ್ಲಿ ಅತ್ಯಂತ ಸರಳವಾದುದು ಬ್ಯಾಫಲ್, ಎಂದರೆ ಸ್ಪೀಕರನ್ನು ಕೂಡಿಸುವ ಬರಿಯ ಹಲಗೆ. ಪೆಟ್ಟಿಗೆಯ ಎದುರಿಗೆ ಅದು ಸೋತದ್ದು ಸ್ಥಳದ ಲೆಕ್ಕದಲ್ಲಿಯೇ ಹೊರತು ನಾದದ ಗುಣದಲ್ಲಲ್ಲ ಎಂಬುದು ಈ ಲೇಖನದ ಪ್ರತಿಪಾದ್ಯ.

ಚಲಿಸುವ ಸುರುಳಿಯ ತತ್ತ್ವಕ್ಕೆ ಜರ್ಮನಿಯ ವೆರ್ನರ್ ಸೀಮೆನ್ಸ್ 1874ರಲ್ಲಿ, ಇಂಗ್ಲೆಂಡಿನ ಆಲಿವರ್ ಲಾಡ್ಜ್ 1898ರಲ್ಲಿ ಪೇಟೆಂಟುಗಳನ್ನು ಸಾಧಿಸಿದ್ದರೂ, ಕಹಳೆಯ ಹಂಗಿಲ್ಲದೆ ನೇರವಾಗಿ ನುಡಿಯುವ ಸ್ಪೀಕರಿಗೆ ಶಾಸ್ತ್ರೀಯ ತಳಹದಿಯನ್ನು ಹಾಕಿದವರು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯ ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲ್ಲಾಗ್. 1925ರ ಅವರ ಪ್ರಬಂಧದಲ್ಲಿ ಶಂಕುವಿನ ಸಹಜ ಅನುರಣನೆಯನ್ನು ಉಪಯುಕ್ತ ಸ್ವರಗಳಿಗಿಂತ ಕೆಳಗಿರಿಸುವ ವಿಚಾರದೊಡನೆ ಹಲಗೆಯ ತಡೆಯ ಆವಶ್ಯಕತೆಯೂ ನಿರೂಪಿತವಾಗಿದ್ದಿತು. ನಮ್ಮ ಹಿರಿಯರು ಆಕಾಶವಾಣಿಯನ್ನು ಕೇಳುತ್ತಿದ್ದ ವಾಲ್ವ್ ರೇಡಿಯೋದ ಬೆನ್ನಿಗೆ ತೂತುಗಳುಳ್ಳ ತೆಳುರಟ್ಟು ಮಾತ್ರ ಇರುತ್ತಿದ್ದುದನ್ನು ಇಲ್ಲಿ ನೆನೆಯಬೇಕು. ವಾಲ್ವುಗಳ ಶಾಖ ಹೊರಹೋಗಲೆಂದು ಬಿಟ್ಟ ಆ ರಂಧ್ರಗಳ ದೆಸೆಯಿಂದ ಅದೂ ಪಕ್ಕಗಳನ್ನು ಹಿಂದಕ್ಕೆ ಮಡಿಸಿದ ತೆರೆದ ಬ್ಯಾಫಲ್ಲೇ ಆಗಿದ್ದಿತು.

ತೊಡಕು ಇರುವುದು ಗಾತ್ರದಲ್ಲಿ. 40 ಹರ್ಟ್ಸ್ ಸ್ವರದ ತರಂಗದೂರ ಸುಮಾರು ಎಂಟೂವರೆ ಮೀಟರ್. ಅದು ಕ್ಷಯಿಸದಂತೆ ಕಾಯಬೇಕಾದರೆ ಸ್ಪೀಕರಿನಿಂದ ಅಂಚಿಗೆ ಅದರ ಆರನೆಯ ಒಂದು ಪಾಲು, ಎಂದರೆ 1.4 ಮೀಟರ್ ಅಂತರವಾದರೂ ಬೇಕಾಗಿ, ಹಲಗೆಯ ಅಗಲ ಮೂರು ಮೀಟರಿನ ಸಮೀಪಕ್ಕೆ ಹೋಗುತ್ತದೆ. 1932ರಲ್ಲಿ ಬೆಲ್ ಪ್ರಯೋಗಾಲಯದ ಆಲ್ಬರ್ಟ್ ಥುರಾಸ್ ಪೇಟೆಂಟು ಪಡೆದ ರಂಧ್ರಪೆಟ್ಟಿಗೆಯೂ, 1954ರಲ್ಲಿ ಎಡ್ಗರ್ ವಿಲ್ಚರ್ ಹೊರತಂದ ಮುಚ್ಚಿದ ಪುಟ್ಟ ಪೆಟ್ಟಿಗೆಯೂ ಈ ತೊಡಕಿಗೆ ಪರಿಹಾರವಾಗಿ ಬಂದವು. 1958ರ ಹೊತ್ತಿಗೆ ಸ್ಟೀರಿಯೋ ತಟ್ಟೆಗಳು ಮಾರುಕಟ್ಟೆಗೆ ಬಂದು ಒಂದರ ಸ್ಥಾನದಲ್ಲಿ ಎರಡು ಸ್ಪೀಕರುಗಳು ಬೇಕಾದಾಗ ಪೆಟ್ಟಿಗೆಯ ವಿಜಯ ಸಂಪೂರ್ಣವಾಯಿತು. ಆದರೂ ಅದೇ ದಶಕದಲ್ಲಿ ವಾರ್ಫ್‌ಡೇಲ್ ಸಂಸ್ಥಾಪಕ ಗಿಲ್ಬರ್ಟ್ ಬ್ರಿಗ್ಸ್, ಹಲಗೆಯೇ ಹಾಡತೊಡಗದಂತೆ ಎರಡು ಪ್ಲೈವುಡ್ ಹಾಳೆಗಳ ನಡುವೆ ಒಣಮರಳನ್ನು ತುಂಬಿದ ತೆರೆದ ಬ್ಯಾಫಲನ್ನು ಮಾರಿದರು. ಪೀಟರ್ ವಾಕರ್ 1957ರಲ್ಲಿ ಹೊರತಂದ ಕ್ವಾಡ್ ಸ್ಥಿರವಿದ್ಯುತ್ ಸ್ಪೀಕರೂ ಎರಡೂ ಕಡೆ ತೆರೆದದ್ದೇ. ಅದರ ಮಾನವಕಂಠದ ಸ್ವಚ್ಛತೆ ದಶಕಗಳ ಕಾಲ ಇತರ ಸ್ಪೀಕರುಗಳಿಗೆ ಒರೆಗಲ್ಲಾಗಿದ್ದುದು ನನ್ನ ವಾದಕ್ಕೆ ಪ್ರಬಲವಾದ ಸಾಕ್ಷ್ಯ.

ಹಲಗೆಯನ್ನು ಮರಳಿ ತಂದವರು ಮುಖ್ಯವಾಗಿ ಮನೆಯಲ್ಲಿ ಕಟ್ಟುವ ಹವ್ಯಾಸಿಗಳು. ಆಸ್ಟ್ರೇಲಿಯದ ನೆವಿಲ್ ಥೀಲ್ 1961ರಲ್ಲಿ ಆರಂಭಿಸಿ ರಿಚರ್ಡ್ ಸ್ಮಾಲ್ ಎಪ್ಪತ್ತರ ದಶಕದಲ್ಲಿ ವಿಸ್ತರಿಸಿದ ಗುಣಾಂಕಗಳು ಪೆಟ್ಟಿಗೆಗಾಗಿಯೇ ರೂಪುಗೊಂಡವಾದರೂ, ಅನುರಣನೆಯ ತೀಕ್ಷ್ಣತೆಯನ್ನು ಸೂಚಿಸುವ ಕ್ಯೂ ಮೌಲ್ಯ 0.7ರ ಆಸುಪಾಸಿನಲ್ಲೋ ಮೇಲೋ ಇರುವ, ಪೆಟ್ಟಿಗೆಯವರು ಬಹುಮಟ್ಟಿಗೆ ತಿರಸ್ಕರಿಸುವ ಸ್ಪೀಕರೇ ಹಲಗೆಗೆ ತಕ್ಕದ್ದೆಂದು ಹವ್ಯಾಸಿಗೆ ತಿಳಿಸಿಕೊಟ್ಟವೂ ಅವೇ. ವೃತ್ತಾಕಾರದ ಹಲಗೆಯ ನಟ್ಟನಡುವೆ ಸ್ಪೀಕರನ್ನು ಕೂಡಿಸುವುದು ಕಣ್ಣಿಗೆಷ್ಟು ರಮಣೀಯವೋ ಕಿವಿಗೆ ಅಷ್ಟೇ ಅಹಿತ: ಅಂಚಿನ ಸರ್ವಬಿಂದುಗಳಿಂದಲೂ ಹಿಂದಣ ಅಲೆ ಏಕಕಾಲದಲ್ಲಿ ಬಂದು ಒಂದು ನಿರ್ದಿಷ್ಟ ಸ್ವರದಲ್ಲಿ ಆಳವಾದ ಹಳ್ಳವನ್ನು ತೋಡುತ್ತದೆ, ಆದಕಾರಣ ರಂಧ್ರವನ್ನು ಮಧ್ಯದಿಂದ ಒಂದು ಪಕ್ಕಕ್ಕೆ ಸರಿಸಿ ಕೊರೆಯುತ್ತಾರೆ. ಅಗಲವನ್ನು ಉಳಿಸಲು ಪಕ್ಕದ ರೆಕ್ಕೆಗಳನ್ನು ಹಿಂದಕ್ಕೆ ಮಡಿಸುವುದುಂಟು. ಆದರೆ ಆ ರೆಕ್ಕೆಗಳ ಆಳ 30 ಸೆಂಟಿಮೀಟರ್ ಆದಾಗ 200ರಿಂದ 300 ಹರ್ಟ್ಸ್‌ಗಳ ನಡುವೆ ಅನುರಣನೆ ಎದ್ದು, ಗಂಡಸಿನ ಕಂಠ ಕೊಡದೊಳಗೆ ಬಾಯಿಟ್ಟು ಮಾತನಾಡಿದಂತೆ ಕೇಳುತ್ತದೆ. ಆ ಸ್ವರಗಳನ್ನು ಬೇರೊಂದು ಸ್ಪೀಕರಿಗೆ ವಹಿಸುವುದೇ ಅದಕ್ಕೆ ಮದ್ದು.

ಇನ್ನುಳಿದ ಕೊರತೆಯನ್ನು, ಎಂದರೆ ಒಂದೊಂದು ಸ್ಥಾಯಿ ಕೆಳಗಿಳಿದಂತೆ 6 ಡೆಸಿಬಲ್ಲಿನ ಇಳಿತವನ್ನು, ವಿದ್ಯುನ್ಮಂಡಲದಿಂದ ತುಂಬಿಕೊಡಬಹುದು. ಆದರೆ ಅದೇ ಮಟ್ಟದ ನಾದವನ್ನು ಒಂದು ಸ್ಥಾಯಿ ಕೆಳಗೆ ನುಡಿಸಲು ಮುಚ್ಚಿದ ಪೆಟ್ಟಿಗೆಯಲ್ಲಿ ಶಂಕು ನಾಲ್ಮಡಿ ಚಲಿಸಿದರೆ ಇಲ್ಲಿ ಎಂಟ್ಮಡಿ ಚಲಿಸಬೇಕು. ಹತ್ತು ಹದಿನೈದು ವಾಟ್‌ಗಳ ವಾಲ್ವ್ ಯುಗದಲ್ಲಿ ಈ ವೆಚ್ಚವನ್ನು ಯಾರೂ ಭರಿಸುವಂತಿರಲಿಲ್ಲ. ಟ್ರಾನ್ಸಿಸ್ಟರ್ ಆಂಪ್ಲಿಫೈಯರ್ ಅಗ್ಗವಾದ ಮೇಲೆ ಭರಿಸಬಹುದಾಯಿತು. ಹ್ಯೂಲೆಟ್ ಪ್ಯಾಕರ್ಡ್ ಸಂಸ್ಥೆಯಲ್ಲಿ ಎಂಜಿನಿಯರಾಗಿದ್ದ ಜರ್ಮನ್ ಮೂಲದ ಸೀಗ್‌ಫ್ರೀಡ್ ಲಿಂಕ್‌ವಿಟ್ಸ್ ಈ ಮಾರ್ಗವನ್ನು ಶಾಸ್ತ್ರಬದ್ಧಗೊಳಿಸಿ, 2018ರಲ್ಲಿ ತೀರಿಕೊಳ್ಳುವ ತನಕವೂ ಓರಿಯನ್, ಎಲ್‌ಎಕ್ಸ್ 521 ಮುಂತಾದ ತಮ್ಮ ವಿನ್ಯಾಸಗಳ ನಕ್ಷೆಗಳನ್ನು ಮನೆಯಲ್ಲಿ ಕಟ್ಟುವವರಿಗೇ ಒದಗಿಸಿದರು.

ತೆರೆದ ಹಲಗೆ ಎಂಟರ ಅಂಕಿಯ ಆಕಾರದಲ್ಲಿ ನಾದವನ್ನು ಹರಡಿ ಪಕ್ಕಗಳಿಗೆ ಬಹುಸ್ವಲ್ಪವನ್ನೇ ಬಿಡುವುದರಿಂದ ಕೋಣೆಯ ಗುಂಯ್‌ಗುಡುವಿಕೆ ಕಡಮೆಯಾಗುತ್ತದೆ. ಆದರೆ ಬೆನ್ನಿಗೂ ಗೋಡೆಗೂ ಒಂದು ಮೀಟರಾದರೂ ತೆರಪಿಲ್ಲದಿದ್ದರೆ ಈ ಪ್ರಯೋಜನದ ಬಹುಭಾಗ ನಷ್ಟವಾಗುವುದು. ಅಷ್ಟು ಜಾಗವಿಲ್ಲದವರಿಗೆ ಪೆಟ್ಟಿಗೆಯೇ ಲೇಸು. ಇರುವವರು ತೇಗದ ಹಲಗೆಗೆ ಗರಗಸ ಹಚ್ಚುವ ಮುನ್ನ ಅಗ್ಗದ ಪ್ಲೈವುಡ್ಡಿನಲ್ಲಿ ಒಂದನ್ನು ಕೊಯ್ದು, ಪರಿಚಿತ ಕಂಠವೊಂದನ್ನೂ ಮೃದಂಗದ ಎಡಮುಖವನ್ನೂ ಕೇಳಿ, ರಂಧ್ರದ ಸ್ಥಾನವನ್ನು ನಿಶ್ಚಯಿಸಿಕೊಳ್ಳತಕ್ಕದ್ದು.