ಶ್ರದ್ಧಾ–ವಿಜ್ಞಾನ ಸಮನ್ವಯ (ಕ್ರೈಸ್ತ)

ಕ್ರೈಸ್ತ ನಂಬಿಕೆಯನ್ನು ಇತಿಹಾಸ ಸಂಶೋಧನೆ ಹಾಗೂ ವಿಜ್ಞಾನದ ತಿಳಿವಳಿಕೆಯೊಡನೆ ಹೊಂದಿಸಿ ಅರ್ಥೈಸುವ ದೇವಶಾಸ್ತ್ರದ ಪ್ರಯತ್ನ. ಕ್ಯಾಥೊಲಿಕ್ ಪರಂಪರೆಯಲ್ಲಿ ಇದಕ್ಕೆ ದೊಡ್ಡ ಇಂಬು ದೊರೆತದ್ದು ಪೋಪ್ ಹನ್ನೆರಡನೆಯ ಪಯಸ್‌ರ 1943ರ ಪರಿಪತ್ರದಿಂದ. ಬೈಬಲನ್ನು ಅದು ಹುಟ್ಟಿದ ಕಾಲ, ಭಾಷೆ, ಸಾಹಿತ್ಯಪ್ರಕಾರಗಳ ಹಿನ್ನೆಲೆಯಲ್ಲಿ ಓದಬೇಕೆಂದು ಅದು ಸೂಚಿಸಿತು. ಆದಿಕಾಂಡದ ಸೃಷ್ಟಿಕಥನವನ್ನು ಭೂವಿಜ್ಞಾನವೆಂದು ಸಮರ್ಥಿಸುವ ಹೊರೆ ಇದರಿಂದ ತಗ್ಗಿತು. ವಿಕಾಸವಾದ ಬರಿಯ ಊಹೆಗಿಂತ ಮಿಗಿಲೆಂದು ಪೋಪ್ ಎರಡನೆಯ ಜಾನ್ ಪಾಲ್ 1996ರಲ್ಲಿ ಒಪ್ಪಿದರು. ಆತ್ಮ ಮಾತ್ರ ದೇವರ ನೇರ ಸೃಷ್ಟಿ ಎಂಬ ನಿಲುವು ಉಳಿಯಿತು. ಭಾರತದಲ್ಲಿ ಈ ಅಧ್ಯಯನದ ಗಮನಾರ್ಹ ನೆಲೆ ಪುಣೆ. 1893ರಲ್ಲಿ ಶ್ರೀಲಂಕಾದ ಕ್ಯಾಂಡಿಯಲ್ಲಿ ಸ್ಥಾಪನೆಯಾದ ಪೇಪಲ್ ಸೆಮಿನರಿ 1955ರಲ್ಲಿ ಇಲ್ಲಿಗೆ ಸ್ಥಳಾಂತರಗೊಂಡಿತು. ಜ್ಞಾನದೀಪ ವಿದ್ಯಾಪೀಠ ಅದೇ ಪರಂಪರೆಯದು. ಅಲ್ಲಿನ ಜೆಸುಯಿಟ್ ಪ್ರಾಧ್ಯಾಪಕ ಜಾಬ್ ಕೊಳಂತಡಂ, ಖಗೋಳವಿಜ್ಞಾನಿ ಕೆಪ್ಲರನ ಗ್ರಹನಿಯಮಗಳ ಶೋಧದಲ್ಲಿ ಧರ್ಮಶ್ರದ್ಧೆಯ ಪಾತ್ರವನ್ನು ವಿವರಿಸುವ ಮೌಲಿಕ ಗ್ರಂಥವನ್ನು 1994ರಲ್ಲಿ ಪ್ರಕಟಿಸಿದರು.