ಸೊಲ್ಲು ಹಿಡಿಯುವ ಎರಡನೆಯವನು

ಕಾವೇರಿ ದಂಡೆಯ ಮುಳ್ಳೂರಿನಿಂದ ಹಿಡಿದು ಮಾದಪ್ಪನ ಬೆಟ್ಟದ ತಪ್ಪಲಿನವರೆಗೆ, ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಯಲ್ಲಿ ಕಥೆಯನ್ನು ಒಬ್ಬನೇ ಹೇಳಿ ಮುಗಿಸುವ ವಾಡಿಕೆಯಿಲ್ಲ. ಮಂಟೇಸ್ವಾಮಿಯ ಕಥೆ ಹಾಡುವ ನೀಲಗಾರರಾಗಲಿ, ಮಾದಪ್ಪನೆಂದೇ ಕರೆಯುವ ಮಹದೇಶ್ವರನ ಕಂಸಾಳೆಯವರಾಗಲಿ, ಮುಂದಾಳು ಹಾಡುಗಾರನ ಪಕ್ಕದಲ್ಲಿ ದನಿಗೂಡಿಸಿ ಸೊಲ್ಲು ಹಿಡಿಯುವವನು ಇರಲೇಬೇಕು. ಇಂಥ ಸೀಮೆಯಲ್ಲೂ ಈಗ ಶುಕ್ರವಾರ ಕಳೆದರೆ ಸಾಕು, ಇಬ್ಬರು ಎದುರುಬದುರು ಕುಳಿತು ಹೊಸ ಸಿನಿಮಾಗಳನ್ನು ಜಾಲಾಡಿ, ಕೊನೆಗೆ ಹತ್ತಕ್ಕೆ ಇಷ್ಟು ಎಂದು ಅಂಕ ಕೊಡುವ ಮಾತುಕತೆಗಳು ಫೋನಿನ ಪರದೆಯ ಮೇಲೆ ಓಡುತ್ತವೆ. ಇದು ಅಮೆರಿಕದಿಂದ ಬಂದ ಚಾಳಿ ಎಂದು ಹೇಳುವವರಿದ್ದಾರೆ. ಆ ಮಾತು ಅರ್ಧ ನಿಜ. ಈ ಪದ್ಧತಿಯಲ್ಲಿ ಎರಡು ಬೇರೆ ಬೇರೆ ಚರಿತ್ರೆಗಳು ಒಂದೇ ಬೆಂಚಿನ ಮೇಲೆ ಬಂದು ಕುಳಿತಿವೆ. ಅಂಕದ ಚರಿತ್ರೆ ಒಂದು, ಜೋಡಿಯ ಚರಿತ್ರೆ ಇನ್ನೊಂದು. ಮೊದಲನೆಯದು ನಮಗೆ ಯಾವಾಗಲೂ ದೂರದಿಂದ, ಮೇಲಿನಿಂದ ಬಂದದ್ದು. ಎರಡನೆಯದನ್ನು ಯಾರೂ ಹೊರಗಿನಿಂದ ತಂದು ಕಲಿಸಬೇಕಾಗಿರಲಿಲ್ಲ.

ಮೊದಲು ಅಂಕದ ವಿಷಯ ನೋಡೋಣ. 1799ರಲ್ಲಿ ಟಿಪ್ಪು ಬಿದ್ದ ಮೇಲೆ ಕೊಳ್ಳೇಗಾಲ ಇಂಗ್ಲಿಷರ ಕೊಯಮತ್ತೂರು ಜಿಲ್ಲೆಗೆ ಸೇರಿತು. 1956ರ ನವೆಂಬರ್ 1ರವರೆಗೂ ಮದರಾಸಿಗೇ ಕಂದಾಯ ಕಟ್ಟಿತು. ಸಿನಿಮಾ ನೋಡತಕ್ಕದ್ದೋ ಅಲ್ಲವೋ ಎಂದು ತೀರ್ಮಾನಿಸುವ ಸೆನ್ಸಾರ್ ಮಂಡಳಿ 1920ರಲ್ಲಿ ಹುಟ್ಟಿದ್ದೂ ಅದೇ ಮದರಾಸಿನಲ್ಲಿ, ಪೊಲೀಸ್ ಕಮಿಷನರರ ಯಜಮಾನಿಕೆಯಲ್ಲಿ. ಅಂದರೆ ಇಲ್ಲಿನ ನೋಡುಗನಿಗೆ ಸಿನಿಮಾದ ಮೊದಲ ವಿಮರ್ಶಕ ಪೊಲೀಸು. ಕೊಳ್ಳೇಗಾಲ ಸೀಮೆಯ ಸಿಂಗಾನಲ್ಲೂರಿನ ಮೂಲದ ಮುತ್ತುರಾಜ 1954ರಲ್ಲಿ ‘ಬೇಡರ ಕಣ್ಣಪ್ಪ’ನಾಗಿ, ರಾಜ್‌ಕುಮಾರನಾಗಿ ತೆರೆಗೆ ಬಂದಾಗ ಆ ಚಿತ್ರಕ್ಕೆ ಅರ್ಹತಾಪತ್ರ ಕೊಟ್ಟದ್ದು ದೆಹಲಿಯ ರಾಷ್ಟ್ರಪ್ರಶಸ್ತಿ ಸಮಿತಿ. ತಮ್ಮವನು ನಾಯಕನಾದ ಮೊದಲ ಚಿತ್ರದ ದರ್ಜೆ ಅಷ್ಟು ದೂರದಿಂದ ಬಂತು. ಗಡಿ ಬದಲಾದರೂ ಕಥೆ ಬದಲಾಗಲಿಲ್ಲ. ಕನ್ನಡ ಚಿತ್ರಗಳು ಬಹುಪಾಲು ಮದರಾಸಿನಲ್ಲೇ ತಯಾರಾಗುತ್ತಿದ್ದ ಆ ಕಾಲದಲ್ಲಿ 1970ರ ‘ಸಂಸ್ಕಾರ’ಕ್ಕೆ ಅಲ್ಲಿನ ಸೆನ್ಸಾರ್ ಮಂಡಳಿ ಪ್ರಮಾಣಪತ್ರವನ್ನೇ ನಿರಾಕರಿಸಿತು, ಕೇಂದ್ರ ಸರ್ಕಾರ ಆ ತಡೆಯನ್ನು ತೆಗೆದ ಮೇಲೆ ಅದೇ ಚಿತ್ರ ಆ ವರ್ಷದ ದೇಶದ ಅತ್ಯುತ್ತಮ ಚಿತ್ರವೆನಿಸಿತು. ಒಂದು ಕಚೇರಿ ಸೊನ್ನೆ ಕೊಟ್ಟದ್ದಕ್ಕೆ ಇನ್ನೊಂದು ನೂರಕ್ಕೆ ನೂರು ಕೊಟ್ಟಿತು, ಆದರೆ ಎರಡೂ ಒಂದನ್ನೊಂದು ಮಾತಾಡಿಸಲಿಲ್ಲ. ಇವುಗಳ ಜತೆಗೆ ರಾಜ್ಯ ಪ್ರಶಸ್ತಿಯ ಮೊದಲನೆಯ, ಎರಡನೆಯ, ಮೂರನೆಯ ಅತ್ಯುತ್ತಮ ಚಿತ್ರಗಳೆಂಬ ಮೆಟ್ಟಿಲು ಬಂತು, ಪತ್ರಿಕೆಗಳ ನಕ್ಷತ್ರಗಳು ಬಂದವು. ನಕ್ಷತ್ರದ ಅಂಕವೂ 1928ರಲ್ಲಿ ನ್ಯೂಯಾರ್ಕಿನ ‘ಡೈಲಿ ನ್ಯೂಸ್’ ಪತ್ರಿಕೆಯಲ್ಲಿ ಐರೀನ್ ಥೀರರ್ ಶುರುಮಾಡಿದ್ದು.

ಇನ್ನು ಜೋಡಿಯ ವಿಷಯ. ಜೋಡಿ ವಿಮರ್ಶೆಯ ಟಿವಿ ರೂಪ 1975ರಲ್ಲಿ ಶಿಕಾಗೋದ ಒಂದು ಸಾರ್ವಜನಿಕ ವಾಹಿನಿಯಲ್ಲಿ ಶುರುವಾಯಿತು. ‘ಟ್ರಿಬ್ಯೂನ್’ ಪತ್ರಿಕೆಯ ಜೀನ್ ಸಿಸ್ಕೆಲ್ ಮತ್ತು ‘ಸನ್-ಟೈಮ್ಸ್’ನ ರೋಜರ್ ಈಬರ್ಟ್ ಗೆಳೆಯರಲ್ಲ, ಒಂದೇ ಊರಿನ ಎರಡು ಪತ್ರಿಕೆಗಳ ಎದುರಾಳಿಗಳು. ಹೆಬ್ಬೆರಳು ಮೇಲೆ, ಹೆಬ್ಬೆರಳು ಕೆಳಗೆ ಎಂಬ ತೀರ್ಪಿನಿಂದ ಅವರು ಲೋಕಪ್ರಸಿದ್ಧರಾದದ್ದು 1986ರ ಹೊತ್ತಿಗೆ. ಆದರೆ ಅವರ ಆಟದ ಸಾರ ಬೆರಳಿನಲ್ಲಿರಲಿಲ್ಲ ಎಂಬುದಕ್ಕೆ 1987ರ ಒಂದು ಕಂತು ಸಾಕು. ಈಬರ್ಟ್ ಒಂದೇ ದಿನ ಕುಬ್ರಿಕ್‌ನ ಯುದ್ಧಚಿತ್ರ ‘ಫುಲ್ ಮೆಟಲ್ ಜಾಕೆಟ್’ಗೆ ಬೆರಳು ಇಳಿಸಿ, ನಾಯಿಯ ಸಾಹಸದ ‘ಬೆಂಜಿ’ ಚಿತ್ರವೊಂದಕ್ಕೆ ಬೆರಳು ಎತ್ತಿದರು. ಸಿಸ್ಕೆಲ್ ಸುಮ್ಮನಿರಲಿಲ್ಲ. ನಾಯಿಗೆ ಪಾಸು, ಕುಬ್ರಿಕ್‌ಗೆ ಫೇಲು, ಇದೆಂಥ ನ್ಯಾಯ ಎಂಬ ಧಾಟಿಯಲ್ಲಿ ಅಲ್ಲೇ ಹಿಡಿದುಕೊಂಡರು. ಒಂದೊಂದು ಚಿತ್ರವನ್ನೂ ಅದು ಹೊರಟ ದಾರಿಯಲ್ಲಿ ಎಷ್ಟು ದೂರ ನಡೆಯಿತು ಎಂದು ಅಳೆಯಬೇಕೆಂಬುದು ಈಬರ್ಟ್ ನಿಲುವು. ಎರಡೂ ವಾದದಲ್ಲಿ ಹುರುಳಿದೆ. ಗಮನಿಸಬೇಕಾದದ್ದು, ಅಂಕ ಎಂಬುದು ಎಷ್ಟು ಪೊಳ್ಳು ಎಂಬುದನ್ನು ಆ ಅಂಕವೇ ಹೊರಗೆಡವಿತು. ಪಕ್ಕದಲ್ಲಿ ಕೇಳುವವನೊಬ್ಬ ಇದ್ದುದರಿಂದ. ಅದೇ ಎರಡು ತೀರ್ಪುಗಳು ಪತ್ರಿಕೆಯ ಎರಡು ಮೂಲೆಗಳಲ್ಲಿ ನಕ್ಷತ್ರಗಳಾಗಿ ಬಿದ್ದಿದ್ದರೆ ಯಾರ ಕಣ್ಣಿಗೂ ಚುಚ್ಚುತ್ತಿರಲಿಲ್ಲ.

ಈ ಎರಡನೆಯ ಆಸನ ಕೊಳ್ಳೇಗಾಲದ ಕಡೆಯವರಿಗೆ ಹೊಸದಲ್ಲ ಎಂದೆ. ಇದಕ್ಕೆ ಗಟ್ಟಿಯಾದ ಆಕ್ಷೇಪವೊಂದಿದೆ. ಚಿಕ್ಕಲ್ಲೂರು ಜಾತ್ರೆಯಲ್ಲಿ ತಂಬೂರಿ ಹಿಡಿದ ನೀಲಗಾರನ ಜತೆ ಗಗ್ಗರ, ಡಿಕ್ಕಿ ನುಡಿಸುತ್ತ ಸೊಲ್ಲು ಹಿಡಿಯುವವನು ಎಂದಾದರೂ ಎದುರು ಮಾತಾಡಿದ್ದುಂಟೇ? ಅವನು ಒಪ್ಪುವವನು, ಒರೆಗೆ ಹಚ್ಚುವವನಲ್ಲ. ಮಾತು ಸರಿ. ಹಿಮ್ಮೇಳದವನು ಭಿನ್ನಮತೀಯನಲ್ಲ, ಆದರೆ ಕಥೆಯ ನಡಿಗೆ ಅವನ ಕೈಲಿದೆ. ಅವನು ಸೊಲ್ಲು ಎಳೆದಷ್ಟು ಹೊತ್ತು ಕಥೆ ನಿಂತು ಉಸಿರಾಡುತ್ತದೆ, ಕೇಳುವವರು ಹಿಂದಿನ ಮಾತನ್ನು ಮೆಲುಕು ಹಾಕುತ್ತಾರೆ. ಹೇಳಿಕೆ ಕೇಳಿಕೆಯಾಗುವುದು ಆ ಬಿಡುವಿನಲ್ಲಿ. ಜಗಳವೇ ಬೇಕೆಂದರೆ ಕನ್ನಡದಲ್ಲಿ ಅದಕ್ಕೂ ಬರವಿಲ್ಲ. ಬಿಜಾಪುರ, ಬೆಳಗಾವಿ ಕಡೆಯ ಗೀಗೀ ಮೇಳಗಳಲ್ಲಿ ಹರದೇಶಿಯವರು ಗಂಡು ಹೆಚ್ಚೆಂದೂ ನಾಗೇಶಿಯವರು ಹೆಣ್ಣು ಹೆಚ್ಚೆಂದೂ ರಾತ್ರಿಯಿಡೀ ಸವಾಲು ಜವಾಬಿನಲ್ಲಿ ಕಾದುತ್ತಾರೆ. ಕರಾವಳಿಯ ತಾಳಮದ್ದಲೆಯಲ್ಲಿ ವಾಲಿಯ ಅರ್ಥಧಾರಿ ರಾಮನನ್ನೇ ಕಟಕಟೆಗೆ ತರುತ್ತಾನೆ. ಈ ಯಾವುದರಲ್ಲೂ ಕೊನೆಗೆ ಅಂಕಪಟ್ಟಿ ಇರುವುದಿಲ್ಲ. ಆದರೂ ಒಂದು ವ್ಯತ್ಯಾಸವನ್ನು ಒಪ್ಪಿಕೊಳ್ಳಲೇಬೇಕು. ಹರದೇಶಿಗೆ ತನ್ನ ಪಕ್ಷ ಯಾವುದೆಂದು ವೇದಿಕೆ ಹತ್ತುವ ಮೊದಲೇ ಗೊತ್ತು, ವಾಲಿಗೂ ಗೊತ್ತು. ತನ್ನ ರುಚಿಯನ್ನೇ ತನ್ನ ಹೆಸರಿನಲ್ಲಿ, ಯಾವ ಪಾತ್ರದ ಮರೆಯೂ ಇಲ್ಲದೆ ಮುಂದಿಟ್ಟು, ಎದುರಿನವನ ಕೈಯಲ್ಲಿ ಹಿಂಜಿಸಿಕೊಳ್ಳುವುದು ಶಿಕಾಗೋದವರು ಕೂಡಿಸಿದ್ದು. ಆ ಸಾಲವನ್ನು ಮುಚ್ಚಿಡಬೇಕಾಗಿಲ್ಲ.

ಇನ್ನೊಂದು ಆಕ್ಷೇಪ ಜೇಬಿಗೆ ಸಂಬಂಧಿಸಿದ್ದು. ಊರಿಂದ ಬಸ್ಸು ಹತ್ತಿ ಪೇಟೆಗೆ ಹೋಗಿ ಮನೆಮಂದಿಗೆಲ್ಲ ಟಿಕೆಟ್ ಕೊಳ್ಳುವವನಿಗೆ ನಿಮ್ಮ ವಾದ ವಿವಾದ ಯಾಕೆ, ಕೊಟ್ಟ ದುಡ್ಡು ಗಿಟ್ಟುತ್ತದೋ ಇಲ್ಲವೋ ಅಷ್ಟು ಹೇಳಿ ಎನ್ನುವುದು ಅದರ ತಿರುಳು. ಈ ಸೀಮೆಗೆ ದರ್ಜೆ ಎಂದರೆ ಏನೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಇದು ರೇಷ್ಮೆಯ ಸೀಮೆ. ಗೂಡಿನ ಮಾರುಕಟ್ಟೆಯಲ್ಲಿ, ಗೂಡು ಕೊಂಡು ನೂಲು ಬಿಚ್ಚುವ ರೀಲರ್ ಒಂದು ಹಿಡಿ ಗೂಡು ಎತ್ತಿಕೊಂಡು ಹಿಸುಕಿ ನೋಡುತ್ತಾನೆ, ಕಿವಿಯ ಹತ್ತಿರ ಅಲ್ಲಾಡಿಸುತ್ತಾನೆ, ಜಾಳು ಗೂಡು ಎಷ್ಟಿದೆ ಎಂದು ಕಣ್ಣಲ್ಲೇ ಲೆಕ್ಕ ಹಾಕಿ ಹರಾಜಿನಲ್ಲಿ ಬೆಲೆ ಹೇಳುತ್ತಾನೆ. ಅವನ ಲೆಕ್ಕ ತಪ್ಪಿದರೆ ಅವನ ಬಿಸಿನೀರಿನ ಬೋಗುಣಿಯೇ ಹೇಳಿಬಿಡುತ್ತದೆ. 7 ಕೆಜಿ ಗೂಡಿಗೆ ಒಂದು ಕೆಜಿ ನೂಲು ಬಂತೋ, 9 ಕೆಜಿ ಹಿಡಿಯಿತೋ ಎಂಬಲ್ಲಿಗೆ ಮುಗಿಯಿತು. ಗೂಡಿನ ದರ್ಜೆ ನಿಲ್ಲುವುದು ಅದರ ಕೊನೆಯ ಉಪಯೋಗ ಒಂದೇ ಆದ್ದರಿಂದ. ಸಿನಿಮಾದಿಂದ ಬಿಚ್ಚಿಕೊಳ್ಳುವ ನೂಲು ಯಾವುದು? ಅಜ್ಜಿಗೆ ಬೇಕಾದದ್ದು ಮಾದಪ್ಪನ ಹಾಡು, ಮೊಮ್ಮಗನಿಗೆ ಹೊಡೆದಾಟ. 2005ರ ‘ಜೋಗಿ’ಗೆ ಬೆಂಗಳೂರಿನ ವಿಮರ್ಶಕ ಎಷ್ಟು ಅಂಕ ಕೊಟ್ಟರೂ, ಅದರಲ್ಲಿ ಕಂಸಾಳೆ ಬೀಸುವುದನ್ನು ಕಂಡ ಹನೂರಿನವನ ಲೆಕ್ಕವೇ ಬೇರೆ. ಜೇಬಿನ ಆಕ್ಷೇಪಕ್ಕೆ ನಿಜವಾದ ಉತ್ತರ ಕೊಡುವುದೂ ಜೋಡಿಯೇ. ‘ಫಸ್ಟ್ ಹಾಫ್ ಪರವಾಗಿಲ್ಲ, ಆಮೇಲೆ ಎಳೀತಾರೆ’ ಎಂದು ಒಬ್ಬ, ‘ಆ ಎಳೆದದ್ದೇ ಚೆನ್ನಾಗಿತ್ತು’ ಎಂದು ಇನ್ನೊಬ್ಬ ಹೇಳಿದರೆ, ಕೇಳುವವನು ತಾನು ಯಾರ ಪೈಕಿ ಎಂದು ತಿಳಿದು ಟಿಕೆಟ್ ಕೊಳ್ಳಬಹುದು. ಹತ್ತಕ್ಕೆ ಆರೂವರೆ ಎಂಬುದರಿಂದ ಅವನಿಗೆ ಇಷ್ಟು ಸಿಗದು. (ಆ ಅರ್ಧ ಅಂಕ ಎಲ್ಲಿಂದ ಬರುತ್ತದೆಂದು ಕೊಟ್ಟವರೇ ಬಲ್ಲರು.) ಇಬ್ಬರೂ ಎಲ್ಲಕ್ಕೂ ತಲೆಯಾಡಿಸುತ್ತ ಹೋಗುವ ಜೋಡಿಗಳೂ ಈಗ ಬೇಕಾದಷ್ಟಿವೆ. ಅಂಥಲ್ಲಿ ಒಬ್ಬ ಸಾಕು, ಇನ್ನೊಬ್ಬನ ಕುರ್ಚಿ ದಂಡ.

ಅಂಕ ಮತ್ತು ಮಾತು ಹೇಗೆ ಬೇರೆ ಎಂಬುದಕ್ಕೆ ಇತ್ತೀಚಿನ ಎರಡು ಪ್ರಸಂಗಗಳು ಸಾಕ್ಷಿ. 2020ರ ಗಣೇಶನ ಹಬ್ಬದ ಹೊತ್ತಿಗೆ ಮಾದಪ್ಪನ ‘ಕೋಲುಮಂಡೆ’ ಎಂಬ ಹಾಡು ರ‍್ಯಾಪ್ ರೂಪದಲ್ಲಿ ಬಂದು ನೋಡುಗರ ಸಂಖ್ಯೆಯಲ್ಲಿ ಮೇಲೇರುತ್ತಿತ್ತು. ಆಗ ಮಹದೇಶ್ವರನ ಸೀಮೆಯ ಭಕ್ತರು, ಕಲಾವಿದರು, ಮಾದಪ್ಪನ ಕಥೆಯಲ್ಲಿ ಬರುವ ಶರಣೆ ಸಂಕಮ್ಮನನ್ನು ಅದರಲ್ಲಿ ಚಿತ್ರಿಸಿದ ರೀತಿ ಸರಿಯಲ್ಲವೆಂದು ಎದ್ದು ನಿಂತರು. ಹಾಡುಗಾರ ಕ್ಷಮೆ ಕೇಳಿ ವಿಡಿಯೋ ಹಿಂತೆಗೆದರು. ಅಂಥ ಹಾಡನ್ನು ಹೊಸದಾಗಿ ಕಟ್ಟಲೇಬಾರದೇ ಎಂಬ ಪ್ರಶ್ನೆ ಆಮೇಲೂ ಉಳಿಯಿತು, ಉಳಿಯಬೇಕಾದದ್ದೇ. ಸಂಕಮ್ಮನ ಸಾಲು ಎಂಬ ಆ ಕಥಾಭಾಗವನ್ನು ರಾತ್ರಿಯೆಲ್ಲ ಕೂತು ಕೇಳಿ ಬಲ್ಲವರು ಅಲ್ಲಿ ಎರಡನೆಯ ಆಸನದಲ್ಲಿ ಕುಳಿತಿದ್ದರು. ಅವರ ಅಳತೆಗೋಲು ಯಾವ ಅಂಕಪಟ್ಟಿಯಲ್ಲೂ ಇರುವಂಥದ್ದಲ್ಲ. ಇನ್ನೊಂದು ಪ್ರಸಂಗ ಬೆಂಗಳೂರಿನದು. ದುಡ್ಡು ಕೊಟ್ಟು ಕೆಟ್ಟ ಅಂಕ ಹಾಕಿಸುತ್ತಾರೆಂದು ದೂರಿ ಕೆಲವು ಕನ್ನಡ ನಿರ್ಮಾಪಕರು ನ್ಯಾಯಾಲಯದ ಆದೇಶ ತಂದರು. ಆ ಚಿತ್ರಗಳ ಟಿಕೆಟ್ ಕೊಳ್ಳಲು ಆ್ಯಪ್ ತೆರೆದರೆ ನಕ್ಷತ್ರ ಇರಬೇಕಾದ ಜಾಗದಲ್ಲಿ, ಕೋರ್ಟಿನ ಆದೇಶದಂತೆ ರೇಟಿಂಗ್ ನಿಲ್ಲಿಸಲಾಗಿದೆ ಎಂಬ ಒಂದು ಸಾಲು ಕಾಣುತ್ತಿತ್ತು. ಅದನ್ನು ಓದಿದ ಮುಳ್ಳೂರಿನವನು ಪಕ್ಕದವನ ಕಡೆ ತಿರುಗಿ, ‘ನೀ ನೋಡಿದ್ದೀಯಾ, ಹೆಂಗದೆ?’ ಎಂದೇ ಕೇಳಬೇಕಿತ್ತು.