ಸಾಧ್ಯ, ಕಷ್ಟಸಾಧ್ಯ, ಯಾಪ್ಯ: ಒಂದು ಹತ್ತು ವರ್ಷದ ಗಡುವಿನ ಕಥೆ

‘ಅದು ಕಷ್ಟಸಾಧ್ಯ’ ಎಂದು ಯಾರಾದರೂ ಅಂದರೆ, ಕನ್ನಡಿಗರು ಆ ಕೆಲಸದ ಆಸೆ ಬಿಟ್ಟುಬಿಡುತ್ತೇವೆ. ಈ ಮಾತಿನ ಮೂಲದಲ್ಲಿ ಅಷ್ಟು ನಿರಾಶೆ ಇರಲಿಲ್ಲ. ಚರಕಸಂಹಿತೆಯ ಸೂತ್ರಸ್ಥಾನ ರೋಗಗಳನ್ನು ನಾಲ್ಕು ಬಗೆ ಮಾಡುತ್ತದೆ: ಸುಖಸಾಧ್ಯ, ಕೃಚ್ಛ್ರಸಾಧ್ಯ, ಯಾಪ್ಯ, ಕೊನೆಯದು ಚಿಕಿತ್ಸೆಗೆ ನಿಲುಕದ್ದು. ಕೃಚ್ಛ್ರಸಾಧ್ಯವೆಂದರೆ ಕಷ್ಟಪಟ್ಟರೆ ಗುಣವಾಗುವುದು. ಯಾಪ್ಯ ಪೂರ್ತಿ ಗುಣವಾಗದು; ಔಷಧ, ಪಥ್ಯ ನಡೆಯುವಷ್ಟು ದಿನ ಹಿಡಿತದಲ್ಲಿರುತ್ತದೆ. ನಾವು ಹೇಳುವ ‘ಕಾಲಯಾಪನೆ’ಯಲ್ಲಿರುವುದೂ ಇದೇ ಧಾತು. ರೋಗ ಯಾವ ಬಗೆಯದೆಂದು ಮೊದಲೇ ತಿಳಿದು ಕೈಹಾಕುವವನೇ ವೈದ್ಯ, ತಿಳಿಯದೆ ಕೈಹಾಕಿದವನು ಹಣವನ್ನೂ ಹೆಸರನ್ನೂ ಕಳೆದುಕೊಳ್ಳುತ್ತಾನೆ ಎಂದು ಆ ಗ್ರಂಥ ಎಚ್ಚರಿಸುತ್ತದೆ.

ಆಡಳಿತದ ಭಾಷೆಗೆ ಇಂಥ ಮೆಟ್ಟಿಲುಗಳಿಲ್ಲ. ಅಲ್ಲಿ ಎಲ್ಲವೂ ‘ಗುರಿ’. ಇದರಿಂದ ಆಗುವ ನಷ್ಟವೇನು ಎಂದು ನೋಡಲು ನಮ್ಮ ಗಣರಾಜ್ಯದ ಒಂದೇ ಒಂದು ಗುರಿ ಸಾಕು: ಎಲ್ಲ ಮಕ್ಕಳಿಗೂ ಶಾಲೆ.

1911ರ ಮಾರ್ಚ್‌ನಲ್ಲಿ ಗೋಪಾಲಕೃಷ್ಣ ಗೋಖಲೆ ಇಂಪೀರಿಯಲ್ ಲೆಜಿಸ್ಲೇಟಿವ್ ಕೌನ್ಸಿಲ್‌ನಲ್ಲಿ ಪ್ರಾಥಮಿಕ ಶಿಕ್ಷಣದ ಮಸೂದೆ ಮಂಡಿಸಿದರು. ಅದು ಹಾಸಿಗೆ ಇದ್ದಷ್ಟೇ ಕಾಲು ಚಾಚಿದ ಮಸೂದೆ. ಕಡ್ಡಾಯ ದೇಶಕ್ಕೆಲ್ಲ ಅಲ್ಲ. ಈಗಾಗಲೇ ಇಂತಿಷ್ಟು ಪಾಲು ಮಕ್ಕಳು ಶಾಲೆಗೆ ಹೋಗುತ್ತಿರುವ ಕಡೆ, ಸ್ಥಳೀಯ ಸಂಸ್ಥೆ ಬಯಸಿದರೆ, ಸರ್ಕಾರ ಒಪ್ಪಿದರೆ ಮಾತ್ರ. ಅದೂ ಮೊದಲಿಗೆ ಆರರಿಂದ ಹತ್ತು ವರ್ಷದ ಗಂಡುಮಕ್ಕಳಿಗೆ. ಇಷ್ಟು ತಗ್ಗಿ ಕೇಳಿದರೂ 1912ರಲ್ಲಿ 38ಕ್ಕೆ 13 ಮತಗಳಿಂದ ಅದು ಬಿದ್ದಿತು. ಆಗದ ಕೆಲಸ ಎನ್ನುವ ಹಾಗೂ ಇರಲಿಲ್ಲ. ಬರೋಡಾದ ಸಯಾಜಿರಾವ್ ಗಾಯಕವಾಡರು 1906ರ ಹೊತ್ತಿಗೇ ತಮ್ಮ ಸಂಸ್ಥಾನದಲ್ಲಿ ಕಡ್ಡಾಯ ಶಿಕ್ಷಣ ತಂದಿದ್ದರು. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಮೈಸೂರು 1913ರಲ್ಲಿ ತನ್ನದೇ ಕಾಯಿದೆ ಮಾಡಿತು.

ಮುಂದೆ ಲೆಕ್ಕಾಚಾರದ ಕಾಲ ಬಂತು. 1944ರಲ್ಲಿ ಜಾನ್ ಸಾರ್ಜೆಂಟ್ ಹೆಸರಿನ ವರದಿ, ಆರರಿಂದ ಹದಿನಾಲ್ಕರ ಮಕ್ಕಳೆಲ್ಲ ಶಾಲೆಗೆ ಬರಲು ನಲವತ್ತು ವರ್ಷ ಬೇಕೆಂದಿತು. ಸ್ವಾತಂತ್ರ್ಯದ ಹೊಸ್ತಿಲಲ್ಲಿದ್ದವರಿಗೆ ಅದು ರುಚಿಸೀತೇ? ಬಿ.ಜಿ. ಖೇರ್ ಅಧ್ಯಕ್ಷತೆಯ ಸಮಿತಿ ಆ ನಲವತ್ತನ್ನು ಹದಿನಾರಕ್ಕೆ ಇಳಿಸಿತು. ಸಂವಿಧಾನ ಹತ್ತು ಎಂದಿತು.

ಆದರೆ ಸಂವಿಧಾನ ಸಭೆಯಲ್ಲಿ ನಡೆದ ಚರ್ಚೆಯಲ್ಲಿ ವರ್ಷಗಳಿಗಿಂತ ಕ್ರಿಯಾಪದ ಹೆಚ್ಚು ಮುಖ್ಯ. ಮೂಲಭೂತ ಹಕ್ಕುಗಳ ಉಪಸಮಿತಿ ಶಿಕ್ಷಣವನ್ನು ಕೋರ್ಟಿನಲ್ಲಿ ಕೇಳಬಹುದಾದ ಹಕ್ಕಾಗಿ ಬರೆದಿತ್ತು. 1947ರಲ್ಲಿ ಸಲಹಾ ಸಮಿತಿ ಅದನ್ನು ಅಲ್ಲಿಂದೆತ್ತಿ, ಕೋರ್ಟು ಜಾರಿಮಾಡಲಾಗದ ನಿರ್ದೇಶಕ ತತ್ತ್ವಗಳ ಸಾಲಿಗೆ ಹಾಕಿತು. ಅಲ್ಲಿಗೆ ಬಂದ ಮೇಲೂ ಕರಡಿನಲ್ಲಿ ಪ್ರತಿಯೊಬ್ಬ ಪ್ರಜೆಯೂ ಉಚಿತ ಪ್ರಾಥಮಿಕ ಶಿಕ್ಷಣಕ್ಕೆ ಹಕ್ಕುದಾರ ಎಂಬ ಮಾತು ಉಳಿದಿತ್ತು. 1948ರ ನವೆಂಬರ್ 23ರಂದು ಲಕ್ಷ್ಮೀಕಾಂತ ಮೈತ್ರ ಆ ಮಾತನ್ನೂ ತೆಗೆಯಲು ತಿದ್ದುಪಡಿ ಕೊಟ್ಟರು. ನಿರ್ದೇಶಕ ತತ್ತ್ವಗಳ ನಡುವೆ ಹಕ್ಕಿನ ಭಾಷೆ ಹೊಂದದು ಎಂಬುದು ವಾದ. ಅಂಬೇಡ್ಕರ್ ಒಪ್ಪಿದರು. ‘ಹಕ್ಕು’ ಹೋಯಿತು, ರಾಜ್ಯವು ‘ಪ್ರಯತ್ನಿಸತಕ್ಕದ್ದು’ ಎಂಬುದಷ್ಟೇ ಉಳಿಯಿತು. ತಕ್ಕದ್ದು ಎಂಬ ಬಿಗಿಯಾದ ಪ್ರತ್ಯಯ, ಅದರ ಹಿಂದೆ ಪ್ರಯತ್ನವೆಂಬ ಸಡಿಲ ಪದ! ನಮ್ಮ ಕಾನೂನು ಕನ್ನಡದಲ್ಲಿ ಇದಕ್ಕಿಂತ ವಿಚಿತ್ರವಾದ ಜೋಡಿ ನನಗೆ ಸಿಕ್ಕಿಲ್ಲ. ಮನೆಮಾತಿನಲ್ಲಿ ಇದಕ್ಕೆ ‘ನೋಡೋಣ’ ಎನ್ನುತ್ತೇವೆ.

ಅದೇ ದಿನ ಅಂಬೇಡ್ಕರ್ ಮತ್ತೊಂದು ವಿಷಯದಲ್ಲಿ ಮಾತ್ರ ಜಗ್ಗಲಿಲ್ಲ. ಈ ವಿಧಿ ಪ್ರಾಥಮಿಕ ಶಿಕ್ಷಣಕ್ಕೆ ಸೀಮಿತವಾಗಲಿ ಎಂದು ನಜೀರುದ್ದೀನ್ ಅಹ್ಮದ್ ಕೇಳಿದ್ದರು. ಹದಿನಾಲ್ಕರ ಒಳಗಿನ ಮಗುವನ್ನು ಕೆಲಸಕ್ಕೆ ಇಟ್ಟುಕೊಳ್ಳಬಾರದು ಎಂದು ಇನ್ನೊಂದು ವಿಧಿ ಹೇಳುತ್ತದೆ. ಕೆಲಸಕ್ಕೆ ಹೋಗದ ಮಗು ಶಾಲೆಯಲ್ಲಿರಬೇಕಲ್ಲವೇ ಎಂಬುದು ಅಂಬೇಡ್ಕರರ ಉತ್ತರದ ತಿರುಳು. ಹೀಗೆ 45ನೆಯ ವಿಧಿಯಲ್ಲಿ ವಯಸ್ಸು ಖಚಿತ, ಗಡುವು ಖಚಿತ, ಕ್ರಿಯಾಪದ ಮಾತ್ರ ಅನುಮಾನದ್ದು. ಹಣ ಯಾರು ಕೊಡುವುದು, ಮೊದಲ ವರ್ಷ ಎಷ್ಟು ಶಾಲೆ ಎಂಬುದರ ಸುದ್ದಿಯೇ ಅಲ್ಲಿಲ್ಲ. ಗೋಖಲೆಯವರ ಮಸೂದೆಯಲ್ಲಿ ಎಲ್ಲರಿಗೆ ಯಾವಾಗ ಎಂಬ ತಾರೀಖಿರಲಿಲ್ಲ, ಮೆಟ್ಟಿಲಿದ್ದವು. ಇಲ್ಲಿ ತಾರೀಖಿತ್ತು, ಮೆಟ್ಟಿಲಿರಲಿಲ್ಲ. ನನಗೆ ಮೊದಲನೆಯದೇ ಪ್ರಾಮಾಣಿಕವೆನಿಸುತ್ತದೆ, ಅದು ಹೆಣ್ಣುಮಕ್ಕಳನ್ನು ಹೊರಗೆ ನಿಲ್ಲಿಸಿತ್ತು ಎಂಬುದನ್ನು ಮರೆಯದೆಯೇ ಹೇಳುತ್ತೇನೆ.

1951ರಲ್ಲಿ ದೇಶದ ಸಾಕ್ಷರತೆ ಶೇಕಡಾ 18ರ ಆಸುಪಾಸು. 1960ರ ಜನವರಿಯಲ್ಲಿ ಗಡುವು ಮುಗಿಯಿತು. 1961ರ ಜನಗಣತಿಯಲ್ಲಿ ಅದು ಶೇಕಡಾ 28. ಚರಕನ ಭಾಷೆಯಲ್ಲಿ ಹೇಳುವುದಾದರೆ, ಕಷ್ಟಪಟ್ಟರೆ ಗುಣವಾಗಬಹುದಾದ ರೋಗಕ್ಕೆ ಯಾಪ್ಯದ ಚಿಕಿತ್ಸೆ ನಡೆದಿತ್ತು.

ಕಳೆದುಹೋದ ‘ಹಕ್ಕು’ ಮರಳಿ ಬಂದ ದಾರಿ ಕರ್ನಾಟಕದ್ದು. ತುಮಕೂರಿನ ಖಾಸಗಿ ವೈದ್ಯಕೀಯ ಕಾಲೇಜೊಂದರ ದುಬಾರಿ ಶುಲ್ಕದಿಂದ ಹುಟ್ಟಿದ ಮೋಹಿನಿ ಜೈನ್ ವಿರುದ್ಧ ಕರ್ನಾಟಕ ರಾಜ್ಯ ಪ್ರಕರಣದಲ್ಲಿ, 1992ರಲ್ಲಿ ಸುಪ್ರೀಂ ಕೋರ್ಟ್ ಶಿಕ್ಷಣ ಹಕ್ಕೆಂದಿತು. ಮರುವರ್ಷದ ಉನ್ನಿಕೃಷ್ಣನ್ ತೀರ್ಪು ಅದನ್ನು ಕೈಗೆಟುಕುವಷ್ಟಕ್ಕೆ ಅಳೆದು ಕೊಟ್ಟಿತು: ಹದಿನಾಲ್ಕರವರೆಗೆ ಪೂರ್ಣ ಹಕ್ಕು, ಆಮೇಲಿನದು ಸರ್ಕಾರದ ಆರ್ಥಿಕ ಶಕ್ತಿ ಇದ್ದಷ್ಟು. 2002ರ 86ನೆಯ ತಿದ್ದುಪಡಿ ಆರರಿಂದ ಹದಿನಾಲ್ಕರವರೆಗಿನ ಶಿಕ್ಷಣವನ್ನು ಮೂಲಭೂತ ಹಕ್ಕು ಮಾಡಿತು. 2010ರ ಏಪ್ರಿಲ್ 1ರಂದು ಅದರ ಕಾಯಿದೆ ಜಾರಿಗೆ ಬಂತು.

45ನೆಯ ವಿಧಿ ಈಗಲೂ ಇದೆ. ಆ ತಿದ್ದುಪಡಿ ಅದನ್ನು ಆರು ವರ್ಷ ತುಂಬದ ಮಕ್ಕಳ ಪಾಲನೆ ಮತ್ತು ಶಿಕ್ಷಣಕ್ಕೆಂದು ಹೊಸದಾಗಿ ಬರೆಯಿತು. ‘ಪ್ರಯತ್ನ’ ಅಲ್ಲೇ ಉಳಿದಿದೆ; ಈ ಸಲ ಗಡುವನ್ನು ಬರೆದಿಲ್ಲ.